ಯಾವ ಎಣ್ಣಿ ಅಂತ ಡಾಕ್ಟರ್ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ



ಕಳೆದ ವಾರ ಮೆಣಸಿನ ಗಿಡದ ಎಲೆ ಮುಟುರು ಬಗ್ಗೆ ಬರೆದಿದ್ದೆ. ಓದಿದವರು ಬಹಳ ಜನ ಫೋನ್ ಮಾಡಿದ್ರಿ. ಯಾವ ಎಣ್ಣಿ ಹೊಡೀಬೇಕು, ಟ್ಯಾಂಕಿಗೆ ಎಷ್ಟು ಹಾಕ್ಬೇಕು, ಎಷ್ಟು ದಿನ ಬಿಟ್ಟು ಮತ್ತೆ ಹೊಡೀಬೇಕು ಅಂತ ಕೇಳಿದ್ರಿ. ಎಲ್ಲ ಸರಿಯಾದ ಪ್ರಶ್ನೆಗಳೇ. ಆದರೆ "ಹೊಡೆಯೋ ಮನುಷ್ಯನಿಗೆ ಏರುಪೇರಾದರೆ ಏನು ಮಾಡಬೇಕು" ಅಂತ ಒಬ್ಬರೂ ಕೇಳಲಿಲ್ಲ. ಹತ್ತು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ. ಅದಕ್ಕೆ ಈ ವಾರ ಗಿಡದ ಔಷಧಿ ಬದಿಗಿಟ್ಟು, ಆ ಎಣ್ಣಿ ಮೈಗೆ ಹತ್ತಿದಾಗ ಪ್ರಾಣ ಉಳಿಸುವ ಔಷಧಿಯ ಬಗ್ಗೆ ಬರೀತೀನಿ. ಅದರ ಹೆಸರು ಅಟ್ರೋಪಿನ್.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಬೆಳೆಯುವ ರೈತ. ಈ ವಿಷಯವನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ, ಆಮೇಲೆ ಡಾಕ್ಟರುಗಳ ಹಿಂದೆ ಬಿದ್ದು ಕೇಳಿ, ಓದಿ.

ಆ ದಿನ ಏನಾಯ್ತು

ಹತ್ತಿ ಎದೆಯೆತ್ತರ ಬೆಳೆದಿದ್ದ ಕಾಲ. ಕಾಯಿಕೊರಕಕ್ಕೆ ಪ್ರೊಫೆನೋಫಾಸ್ ತಂದಿದ್ದೆ. ಕ್ಯಾನ್ ದೊಡ್ಡದು, ಹೊಲಕ್ಕೆ ಒಯ್ಯೋದು ತ್ರಾಸು ಅಂತ ಅರ್ಧ ಲೀಟರಿನಷ್ಟು ಒಂದು ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಸುರಿದು ಆಳಿನ ಕೈಗೆ ಕೊಟ್ಟೆ. ಇಪ್ಪತ್ತು ವರ್ಷದಿಂದ ನಮ್ಮ ಹೊಲಕ್ಕೆ ಬರ್ತಿದ್ದವನು, ನನಗೆ ತಮ್ಮನ ಹಾಗೆ. ಬೆನ್ನಿನ ಪಂಪಿನ ಮುಚ್ಚಳ ಸಡಿಲಾಗಿ ಎಣ್ಣಿ ಸೋರುತ್ತಿತ್ತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇಬ್ಬರೂ ನೋಡಿದೆವು, ಇಬ್ಬರೂ ಬೆವರು ಅಂದುಕೊಂಡೆವು.

ಮಧ್ಯಾಹ್ನ ಮೂರರ ಸುಮಾರಿಗೆ ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡ. "ಬಿಸಲು ಹತ್ತೇತಿ" ಅಂದರು ಯಾರೋ. ಮಜ್ಜಿಗೆ ಕುಡಿಸಿದೆವು, ನಿಂಬೆಹಣ್ಣಿನ ಶರಬತ್ತು ಕುಡಿಸಿದೆವು, ಬೇವಿನ ನೆರಳಿಗೆ ಮಲಗಿಸಿದೆವು. ಒಂದೂವರೆ ತಾಸು ಹಾಗೇ ಕಳೆದೆವು. ಬಾಯಿಂದ ಜೊಲ್ಲು ಸುರಿಯೋಕೆ ಶುರುವಾಯ್ತು, ಕಣ್ಣಲ್ಲಿ ನೀರು, ಮೈಯೆಲ್ಲಾ ಬೆವರು. ಉಸಿರಾಡಿದರೆ ಎದೆಯಲ್ಲಿ ಗೊರಗೊರ ಸದ್ದು. ತೊಡೆಯ ಮಾಂಸ ಅದರಷ್ಟಕ್ಕೇ ಅದುರುತ್ತಿತ್ತು. ಆಗ ಹೆದರಿ ಗಾಡಿಗೆ ಹಾಕಿದೆವು.

ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದರು, ಪುಣ್ಯ. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಕೇಳಿದ ಮೊದಲ ಮಾತು, "ಯಾವ್ ಎಣ್ಣಿ ಹೊಡದಾನ್ರೀ ಇವ?"

"ಹತ್ತಿಗೆ ಹೊಡಿಯೋ ಎಣ್ಣಿ ರೀ."

"ಹತ್ತಿಗೆ ಹತ್ತು ನಮೂನಿ ಹೊಡೀತಾರ. ಹೆಸರೇನು? ಬಾಟ್ಲಿ ತಂದೀರೇನು?"

ಬಾಟ್ಲಿ ತಂದಿದ್ದೆ. ಅದರ ಮೇಲೆ ಕೂಲ್‌ಡ್ರಿಂಕ್ಸ್ ಹೆಸರಿತ್ತು.

ಅಂಗಡಿಯವನು ಕರೆಯೋ ಕಂಪನಿ ಹೆಸರು ಅರ್ಧಂಬರ್ಧ ನೆನಪಿತ್ತು, ಒಳಗಿರೋ ವಿಷದ ಹೆಸರು ಗೊತ್ತಿರಲಿಲ್ಲ. ಡಾಕ್ಟರ್ ಲಕ್ಷಣ ನೋಡಿಯೇ ಗುರುತಿಸಿ ಅಟ್ರೋಪಿನ್ ಚುಚ್ಚಿದರು. ಅಲ್ಲಿದ್ದದ್ದು ನಾಲ್ಕೇ ಆಂಪೂಲ್. ನಾಲ್ಕನ್ನೂ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅವನು ಬದುಕಿದ. ಆದರೆ ಮೂರನೇ ದಿನ, ಇನ್ನೇನು ಸರಿಹೋದ ಅನ್ನುವಾಗ, ದಿಂಬಿನಿಂದ ತಲೆ ಎತ್ತಲಾಗದೆ ಉಸಿರು ನಿಂತಂತಾಗಿ ವೆಂಟಿಲೇಟರ್ ಹಾಕಬೇಕಾಯ್ತು. ವಾರ್ಡಿನ ಹೊರಗೆ ಕೂತಿದ್ದ ಅವನ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಮಾತು: "ಸಾವ್ಕಾರ್ರ, ಅದು ಏನಂತ ನಿಮಗರ ಗೊತ್ತಿತ್ತೇನು?"

ಈ ಲೇಖನ ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಮೈಯೊಳಗಿನ ನೀರುಗಂಟಿ

ನಮ್ಮ ನರಗಳು ಸ್ನಾಯುವಿಗೆ, ಗ್ರಂಥಿಗೆ, ಹೃದಯಕ್ಕೆ ಸುದ್ದಿ ಕಳಿಸೋದು ಒಂದು ರಾಸಾಯನಿಕದ ಮೂಲಕ. ಅದರ ಹೆಸರು ಅಸಿಟೈಲ್‌ಕೋಲಿನ್. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಓಟ್ಟೋ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ. ಒಂದರ ನರವನ್ನು ಕೆರಳಿಸಿ ಅದರ ಬಡಿತ ನಿಧಾನ ಮಾಡಿದ. ಆ ಹೃದಯದ ಸುತ್ತ ಇದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯ್ತು. ನರ ಏನೋ ಒಂದು ವಸ್ತುವನ್ನು ಬಿಡುತ್ತದೆ ಅಂತ ಸಾಬೀತಾಯ್ತು. ಆ ವಸ್ತುವೇ ಅಸಿಟೈಲ್‌ಕೋಲಿನ್. ಇದಕ್ಕಾಗಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ 1936ರಲ್ಲಿ ನೊಬೆಲ್ ಬಂತು.

ಇದನ್ನು ನಮ್ಮ ಕಾಲುವೆ ಲೆಕ್ಕದಲ್ಲಿ ಹೇಳ್ತೀನಿ. ಅಸಿಟೈಲ್‌ಕೋಲಿನ್ ಅಂದ್ರೆ ತೂಬಿನಿಂದ ಬಿಟ್ಟ ನೀರು. ನೀರು ಹೊಲಕ್ಕೆ ಹರಿದರೆ ಕೆಲಸ ಆಗುತ್ತೆ: ಸ್ನಾಯು ಬಿಗಿಯಾಗುತ್ತೆ, ಜೊಲ್ಲು ಬರುತ್ತೆ, ಕರುಳು ಆಡುತ್ತೆ. ಆದರೆ ಕೆಲಸ ಮುಗಿದ ತಕ್ಷಣ ನೀರು ನಿಲ್ಲಬೇಕು. ಹಾಗೆ ನಿಲ್ಲಿಸುವ ನೀರುಗಂಟಿ ಮೈಯೊಳಗೆ ಇದ್ದಾನೆ, ಅವನ ಹೆಸರು ಕೋಲಿನೆಸ್ಟರೇಸ್ ಎಂಬ ಕಿಣ್ವ. ಕಣ್ಣು ಮಿಟುಕಿಸುವುದರೊಳಗೆ ಹಳೆ ನೀರನ್ನು ಬತ್ತಿಸಿಬಿಡ್ತಾನೆ.

ನಾವು ಹೊಡೆಯುವ ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಡೈಮಿಥೋಯೇಟ್, ಅಸಿಫೇಟ್, ಮೊನೊಕ್ರೋಟೋಫಾಸ್ ಇವೆಲ್ಲ ಸಾವಯವ ರಂಜಕ ಗುಂಪಿನವು. ಇವು ಮಾಡುವ ಕೆಲಸ ಒಂದೇ, ನೀರುಗಂಟಿಯ ಕೈ ಕಟ್ಟಿಹಾಕೋದು. ಹುಳುವಿನಲ್ಲೂ ಅದೇ ನೀರುಗಂಟಿ, ನಮ್ಮಲ್ಲೂ ಅದೇ ನೀರುಗಂಟಿ. ನೀರು ನಿಲ್ಲೋದೇ ಇಲ್ಲ, ಹೊಲವೆಲ್ಲ ಕೊಚ್ಚಿಹೋಗುತ್ತೆ. ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ತಡೆಯಲಾಗದ ಮೂತ್ರ, ಸೂಜಿ ಮೊನೆಯಷ್ಟು ಸಣ್ಣಗಾದ ಕಣ್ಣಿನ ಪಾಪೆ, ಎದೆ ತುಂಬಿದ ನೀರು. ಕೊನೆಗೆ ಸ್ನಾಯುಗಳು ಅದುರಿ ಅದುರಿ ಸೋತು ಉಸಿರೇ ನಿಲ್ಲುತ್ತೆ.

ಈ ಗುಂಪಿನ ಹುಟ್ಟನ್ನೂ ತಿಳಿದುಕೊಳ್ಳಿ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ಶಾಸ್ತ್ರಜ್ಞ ಹುಳು ಕೊಲ್ಲುವ ಔಷಧಿ ಹುಡುಕುತ್ತಾ ಹೊರಟು ಟಾಬುನ್, ಸಾರಿನ್ ಎಂಬ ಯುದ್ಧದ ವಿಷಾನಿಲಗಳನ್ನು ಕಂಡುಹಿಡಿದ. ನಮ್ಮ ಉಗ್ರಾಣದ ಮೂಲೆಯಲ್ಲಿರುವ ಕ್ಯಾನು ಅದೇ ವಂಶದ್ದು. ದಕ್ಷಿಣದ ಕಡೆ ಇದನ್ನು "ಔಷಧಿ" ಅಂತೀವಿ, ನಮ್ಮ ಕಡೆ "ಎಣ್ಣಿ" ಅಂತೀವಿ. ಎರಡೂ ಹೆಸರು ಅದನ್ನು ಸಾಧು ಮಾಡಿಬಿಟ್ಟಿವೆ ಅನ್ನೋದು ನನ್ನ ಅನಿಸಿಕೆ.

ಅಟ್ರೋಪಿನ್ ಏನು ಮಾಡುತ್ತೆ, ಏನು ಮಾಡಲ್ಲ

ಅಟ್ರೋಪಿನ್ ನೀರುಗಂಟಿಯ ಕೈ ಬಿಚ್ಚೋದಿಲ್ಲ. ಅದು ಹೊಲದ ಮಡೆಗೆ ಮಣ್ಣು ಹಾಕಿ ಮುಚ್ಚುತ್ತೆ. ಕಾಲುವೆಯಲ್ಲಿ ನೀರು ತುಂಬಿದ್ದರೂ ಹೊಲದೊಳಗೆ ಬರಲ್ಲ. ಎದೆಯೊಳಗಿನ ನೀರು ಒಣಗುತ್ತೆ, ನಿಧಾನವಾಗಿದ್ದ ಹೃದಯ ಮತ್ತೆ ಬಡಿಯುತ್ತೆ, ಉಸಿರು ಸಲೀಸಾಗುತ್ತೆ.

ಆದರೆ ಕೈಕಾಲು, ಕುತ್ತಿಗೆ, ಉಸಿರಾಟದ ಸ್ನಾಯುಗಳ ಮಡೆ ಬೇರೆ ನಮೂನೆಯದು. ಅದನ್ನು ಅಟ್ರೋಪಿನ್ ಮುಚ್ಚಲಾರದು. ಅದಕ್ಕೇ ನಮ್ಮವನಿಗೆ ಮೂರನೇ ದಿನ ಕುತ್ತಿಗೆ ಬಿದ್ದದ್ದು. ಶ್ರೀಲಂಕಾದ ಡಾಕ್ಟರುಗಳು 1987ರಲ್ಲಿ ಇದನ್ನು ಮೊದಲು ಸರಿಯಾಗಿ ವಿವರಿಸಿದರು. ವಿಷವೇರಿದ ಒಂದರಿಂದ ನಾಲ್ಕು ದಿನಗಳೊಳಗೆ ಇದು ಬರಬಹುದು. ಆದ್ದರಿಂದ "ಆರಾಮ ಆಗ್ಯಾನ, ಮನೀಗೆ ಕರ್ಕೊಂಡ್ ಹೋಗ್ತೀವಿ" ಅಂತ ಎರಡನೇ ದಿನವೇ ಡಾಕ್ಟರ್ ಹತ್ತಿರ ಜಗಳ ಮಾಡಬೇಡಿ. ಮಲಗಿದವನಿಗೆ ದಿಂಬಿನಿಂದ ತಲೆ ಎತ್ತೋಕೆ ಆಗ್ತಾ ಇಲ್ಲ ಅಂದ್ರೆ ತಕ್ಷಣ ನರ್ಸನ್ನು ಕರೀರಿ.

ನೀರುಗಂಟಿಯ ಕಟ್ಟು ಬಿಚ್ಚುವ ಔಷಧಿಯೂ ಇದೆ, ಪ್ರಾಲಿಡಾಕ್ಸಿಮ್. ಡಾಕ್ಟರುಗಳು ಪ್ಯಾಮ್ ಅಂತಾರೆ. ಇದರ ಬಗ್ಗೆ ತಜ್ಞರಲ್ಲೇ ಒಮ್ಮತ ಇಲ್ಲ. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಹೆಚ್ಚು ಪ್ರಮಾಣವನ್ನು ಸತತವಾಗಿ ಕೊಟ್ಟಾಗ ಒಳ್ಳೆಯದಾಯ್ತು. 2009ರಲ್ಲಿ ಪ್ರಕಟವಾದ ಶ್ರೀಲಂಕಾದ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಒಂದಂತೂ ನಿಜ. ಹಗ್ಗದ ಗಂಟು ಹಸಿಯಿದ್ದಾಗ ಬಿಚ್ಚಬಹುದು, ಒಣಗಿ ಬಿಗಿದ ಮೇಲೆ ಆಗಲ್ಲ. ಕೆಲವು ವಿಷಗಳಲ್ಲಿ ಈ ಗಂಟು ಕೆಲವೇ ಗಂಟೆಗಳಲ್ಲಿ ಬಿಗಿದುಬಿಡುತ್ತೆ. ಆಮೇಲೆ ಮೈ ತಾನೇ ಹೊಸ ಕಿಣ್ವ ಹುಟ್ಟಿಸಿಕೊಳ್ಳಬೇಕು, ಅದಕ್ಕೆ ವಾರಗಟ್ಟಲೆ ಬೇಕು. ನಾವು ಬೇವಿನ ನೆರಳಲ್ಲಿ ಕಳೆದ ಒಂದೂವರೆ ತಾಸಿನ ಬೆಲೆ ಇದು.

ನಾಲ್ಕು ಆಂಪೂಲಿನ ಲೆಕ್ಕ

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಟ್ರೋಪಿನ್ ಆಂಪೂಲಿನಲ್ಲಿ ಇರೋದು 0.6 ಮಿಲಿಗ್ರಾಂ. ವಿಷ ಜೋರಾಗಿ ಏರಿದ ದೊಡ್ಡವರಿಗೆ ಡಾಕ್ಟರುಗಳು ಸುಮಾರು 1.8 ಮಿಲಿಗ್ರಾಂನಿಂದ 3 ಮಿಲಿಗ್ರಾಂ ಕೊಟ್ಟು ಶುರು ಮಾಡ್ತಾರೆ. ಐದು ನಿಮಿಷ ನೋಡಿ ಸುಧಾರಿಸದಿದ್ದರೆ ದುಪ್ಪಟ್ಟು, ಮತ್ತೆ ಐದು ನಿಮಿಷಕ್ಕೆ ಅದರ ದುಪ್ಪಟ್ಟು. ಎದೆಯ ಗೊರಗೊರ ನಿಂತು, ನಾಡಿ 80 ದಾಟಿ, ಕಂಕುಳು ಒಣಗಿ, ರಕ್ತದೊತ್ತಡ ನೆಟ್ಟಗಾಗುವ ತನಕ ಹೀಗೇ. ಕಡಿಮೆ ಪ್ರಮಾಣದಿಂದಲೇ ಲೆಕ್ಕ ಹಾಕಿ ನೋಡಿ: ಮೊದಲು 3 ಆಂಪೂಲ್, ಆಮೇಲೆ 6, ಆಮೇಲೆ 12, ಆಮೇಲೆ 24. ಹದಿನೈದು ನಿಮಿಷದಲ್ಲಿ 45 ಆಂಪೂಲ್ ಖರ್ಚು. ಇದು ಒಬ್ಬ ರೋಗಿಗೆ. ಆಮೇಲೆ ಸಲೈನಿನಲ್ಲಿ ಹಾಕಿ ತಾಸುಗಟ್ಟಲೆ, ದಿನಗಟ್ಟಲೆ ಕೊಡೋದು ಬೇರೆ.

ಹಾಗಾದ್ರೆ ನಾಲ್ಕು ಆಂಪೂಲ್ ಇಟ್ಟುಕೊಂಡ ಆಸ್ಪತ್ರೆಯಲ್ಲಿ "ಅಟ್ರೋಪಿನ್ ಇದೆ" ಅಂತ ರಿಜಿಸ್ಟರಿನಲ್ಲಿ ಬರೆದರೆ ಏನರ್ಥ? ಒಂದು ಬಿಂದಿಗೆ ನೀರಿಟ್ಟುಕೊಂಡು ಬಣವೆಯ ಬೆಂಕಿಗೆ ತಯಾರಿದ್ದೀವಿ ಅಂದಂಗೆ. ಅಲ್ಲಿನ ಡಾಕ್ಟರನ್ನು ನಾನು ದೂರೋದಿಲ್ಲ, ಇದ್ದದ್ದನ್ನು ಪೂರ್ತಿ ಕೊಟ್ಟ ಮನುಷ್ಯ ಅವರು. ಅಟ್ರೋಪಿನ್ ದುಬಾರಿ ಔಷಧಿ ಅಲ್ಲ, ಅಪರೂಪದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ನಮ್ಮ ದೇಶದ ಪಟ್ಟಿಯಲ್ಲೂ ಇದೆ. ಆದರೂ ಸಿಂಪಡಣೆ ಹೆಚ್ಚಿರುವ ಊರುಗಳ ಆಸ್ಪತ್ರೆಗಳಲ್ಲಿ, ಸಿಂಪಡಣೆ ಹೆಚ್ಚಿರುವ ತಿಂಗಳುಗಳಲ್ಲಿ, ಸಾಕಷ್ಟು ದಾಸ್ತಾನು ಇರಬೇಕು ಅಂತ ಒತ್ತಾಯ ಮಾಡುವವರು ಯಾರೂ ಇಲ್ಲ. ಮುಂಗಾರಿಗೆ ಮುಂಚೆ ಬೀಜ, ಗೊಬ್ಬರದ ದಾಸ್ತಾನಿಗೆ ನಾವು ರಸ್ತೆ ತಡೆ ಮಾಡ್ತೀವಿ. ಅಟ್ರೋಪಿನ್ ದಾಸ್ತಾನು ಎಷ್ಟಿದೆ ಅಂತ ಒಂದು ಸಲವಾದರೂ ಕೇಳಿದೀವಾ?

ನಾವು ಮರೆಯಬಾರದ ದಿನಗಳಿವೆ. 2013ರ ಜುಲೈನಲ್ಲಿ ಬಿಹಾರದ ಛಪ್ರಾ ಹತ್ತಿರ ಬಿಸಿಯೂಟದಲ್ಲಿ ಮೊನೊಕ್ರೋಟೋಫಾಸ್ ಬೆರೆತು 23 ಮಕ್ಕಳು ಸತ್ತರು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣಿ ಹೊಡೆದ ರೈತರು, ಕೂಲಿಗಳು ಸಾಲಾಗಿ ಆಸ್ಪತ್ರೆ ಸೇರಿದರು, ಹಲವರು ವಾಪಸ್ ಬರಲಿಲ್ಲ. 2018ರ ಡಿಸೆಂಬರ್ 14ರಂದು ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಪ್ರಾಣ ಬಿಟ್ಟರು. ಅಂಥ ದಿನ ಒಟ್ಟಿಗೆ ನೂರು ಜನ ಬಂದರೆ ಎಷ್ಟು ಅಟ್ರೋಪಿನ್ ಬೇಕು ಅಂತ ಮೇಲಿನ ಲೆಕ್ಕದಿಂದ ನೀವೇ ಹೇಳಿ.

ಹೆಸರು ಯಾಕೆ ಮುಖ್ಯ

"ಬಾಟ್ಲಿ ಯಾಕೆ ಬೇಕು, ಲಕ್ಷಣ ನೋಡಿ ಕೊಡ್ಲಿ" ಅನ್ನಬಹುದು. ನಮ್ಮವನ ವಿಷಯದಲ್ಲಿ ಹಾಗೇ ಆಯ್ತು. ಆದರೆ ಎಲ್ಲ ಎಣ್ಣಿಗೂ ಅಟ್ರೋಪಿನ್ ಮದ್ದಲ್ಲ.

ಕಾರ್ಬೋಫ್ಯುರಾನ್, ಕಾರ್ಬೋಸಲ್ಫಾನ್ ತರದ ಕಾರ್ಬಮೇಟ್ ಗುಂಪಿನವೂ ನೀರುಗಂಟಿಯ ಕೈ ಕಟ್ಟುತ್ತವೆ, ಆದರೆ ಗಂಟು ಸಡಿಲ, ತಾನಾಗೇ ಬಿಚ್ಚಿಕೊಳ್ಳುತ್ತೆ. ಅಲ್ಲಿ ಅಟ್ರೋಪಿನ್ ಬೇಕು, ಪ್ಯಾಮ್ ಸಾಮಾನ್ಯವಾಗಿ ಬೇಕಾಗಲ್ಲ. ಇಮಿಡಾಕ್ಲೋಪ್ರಿಡ್ ಹುಳುವಿನ ಅದೇ ಅಸಿಟೈಲ್‌ಕೋಲಿನ್ ಮಡೆಯ ಮೇಲೆ ಕೂರುತ್ತೆ, ಆದರೆ ನೀರುಗಂಟಿಯನ್ನು ಮುಟ್ಟಲ್ಲ. ಅದಕ್ಕೆ ಅಟ್ರೋಪಿನ್ ಪ್ರತಿವಿಷ ಅಲ್ಲ. ಸೈಪರ್‌ಮೆಥ್ರಿನ್ ತರದವು ಕೆಲಸ ಮಾಡೋ ದಾರಿಯೇ ಬೇರೆ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ಇನ್ನು ಅಂಗಡಿಯಲ್ಲಿ ಎರಡು ವಿಷ ಸೇರಿಸಿ ಮಾರುವ ಬಾಟ್ಲಿಗಳಿವೆ, ಪ್ರೊಫೆನೋಫಾಸ್ ಜೊತೆ ಸೈಪರ್‌ಮೆಥ್ರಿನ್ ಇದ್ದಂಗೆ. ಡಾಕ್ಟರಿಗೆ ಈ ಹೆಸರು ಸಿಕ್ಕರೆ ಅರ್ಧ ದಾರಿ ಸವೆದಂತೆ.

ಬಾಟ್ಲಿಯ ಮೇಲಿನ ತ್ರಿಕೋನವನ್ನೂ ನೋಡಿ. ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಆಮೇಲೆ ಹಸಿರು. ಹಸಿರು ಅಂದ್ರೆ ಕುಡಿಯಬಹುದು ಅಂತಲ್ಲ. ಜೊತೆಗೆ ಬರುವ ಮಡಚಿದ ಚೀಟಿಯಲ್ಲಿ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಎಲ್ಲ ಬರೆದಿರಬೇಕು ಅಂತ ಕಾನೂನಿದೆ. ನಾವು ಮಾಡೋದೇನು? ಚೀಟಿ ಹರಿದು ಬದುವಿಗೆ ಎಸೀತೀವಿ.

ಅದೇ ಬೀಗ, ಅದೇ ಕೀಲಿ: ಮನೆಯ ಮಾತ್ರೆಗಳು

ನನಗೆ ಬಹಳ ಆಶ್ಚರ್ಯ ಆದದ್ದು ಇದು. ನೀರುಗಂಟಿಯ ಕೈಯನ್ನು ಅಳತೆ ಮಾಡಿ, ಮೆತ್ತಗೆ ಕಟ್ಟಿದರೆ ಅದೇ ಔಷಧಿಯಾಗುತ್ತೆ. ಪಶ್ಚಿಮ ಆಫ್ರಿಕಾದ ಕ್ಯಾಲಬಾರ್ ಎಂಬ ವಿಷದ ಕಾಳಿನಿಂದ ಫೈಸೋಸ್ಟಿಗ್ಮಿನ್ ತೆಗೆದರು. 1934ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಮೇರಿ ವಾಕರ್ ಅದನ್ನು ಮಯಸ್ತೇನಿಯಾ ಎಂಬ ಸ್ನಾಯು ಸೋಲುವ ಕಾಯಿಲೆಗೆ ಕೊಟ್ಟು ರೋಗಿಗೆ ಬಲ ಬಂದದ್ದನ್ನು ತೋರಿಸಿದರು. ಇವತ್ತು ಅದೇ ಕಾಯಿಲೆಗೆ ಪಿರಿಡೋಸ್ಟಿಗ್ಮಿನ್ ಮಾತ್ರೆ ಕೊಡ್ತಾರೆ. ವಯಸ್ಸಾದವರ ಮರೆವಿನ ಕಾಯಿಲೆಗೆ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಕೊಡ್ತಾರೆ. ಇವೆಲ್ಲ ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧಿಗಳು. ರಿವಾಸ್ಟಿಗ್ಮಿನ್ ಅಂತೂ ರಸಾಯನದ ಲೆಕ್ಕದಲ್ಲಿ ಕಾರ್ಬಮೇಟೇ, ನಮ್ಮ ಕೀಟನಾಶಕದ ದಾಯಾದಿ! ಆದ್ದರಿಂದ ಈ ಮಾತ್ರೆ ತಗೊಳ್ಳೋ ಹಿರಿಯರು ಎಣ್ಣಿ ಹೊಡೆಯೋ ಹೊಲದ ಕಡೆ ಸುಳಿಯದೇ ಇರೋದು ಒಳ್ಳೇದು. ಎರಡೂ ಸೇರಿದರೆ ನೀರುಗಂಟಿಗೆ ಎರಡು ಹಗ್ಗ.

ಇನ್ನು ಅಟ್ರೋಪಿನ್ ಹಾಗೆ ಮಡೆ ಮುಚ್ಚುವ ಔಷಧಿಗಳು ನಮ್ಮ ಮನೆಗಳಲ್ಲೇ ಇವೆ. ಕಣ್ಣು ಪರೀಕ್ಷೆಗೆ ಪಾಪೆ ಅಗಲ ಮಾಡುವ ಟ್ರೋಪಿಕಮೈಡ್ ಹನಿ, ದಮ್ಮು ಇರುವವರು ಎಳೆದುಕೊಳ್ಳುವ ಟಯೋಟ್ರೋಪಿಯಂ, ಹೊಟ್ಟೆನೋವಿನ ಡೈಸೈಕ್ಲೋಮಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಮಾನಸಿಕ ಕಾಯಿಲೆಯ ಮಾತ್ರೆಗಳ ಜೊತೆ ಕೊಡುವ ಟ್ರೈಹೆಕ್ಸಿಫೆನಿಡಿಲ್. ನೆಗಡಿಯ ಕ್ಲೋರ್‌ಫೆನಿರಮಿನ್‌ಗೂ ಸ್ವಲ್ಪ ಈ ಗುಣ ಇದೆ. ಇವು ಬೆವರು ಕಡಿಮೆ ಮಾಡ್ತವೆ. ಬಿಸಿಲಲ್ಲಿ ದುಡಿಯೋ ಮನುಷ್ಯನಿಗೆ ಬೆವರು ಬರದಿದ್ದರೆ ಮೈ ತಣಿಯೋದು ಹೇಗೆ? ವಯಸ್ಸಾದವರಿಗೆ ಮೂತ್ರ ಕಟ್ಟಬಹುದು, ಗಲಿಬಿಲಿ ಆಗಬಹುದು. ಅಪ್ಪ ಇದ್ದಕ್ಕಿದ್ದಂತೆ ಏನೇನೋ ಮಾತಾಡ್ತಿದ್ದಾರೆ ಅಂದ್ರೆ ಮೊದಲು ಅವರ ಮಾತ್ರೆ ಚೀಲ ಹಿಡ್ಕೊಂಡು ಡಾಕ್ಟರ್ ಹತ್ತಿರ ಹೋಗಿ. ನೀವೇ ಮಾತ್ರೆ ನಿಲ್ಲಿಸಬೇಡಿ, ಕೇಳಿ.

ಹಾವಿನ ವಿಷಯದಲ್ಲೂ ಇದೇ ಕಥೆ. ನಾಗರಹಾವಿನ ವಿಷ ಸ್ನಾಯುವಿನ ಮಡೆಗಳನ್ನೇ ಮುಚ್ಚಿಬಿಡುತ್ತೆ, ರೆಪ್ಪೆ ಜೋತುಬೀಳುತ್ತೆ, ಉಸಿರು ಸೋಲುತ್ತೆ. ಆಗ ಹಾವಿನ ವಿಷದ ಇಂಜೆಕ್ಷನ್ ಜೊತೆಗೆ ನೀರುಗಂಟಿಯನ್ನು ತಡೆಯುವ ನಿಯೋಸ್ಟಿಗ್ಮಿನ್ ಕೊಟ್ಟು ನೀರು ಹೆಚ್ಚಿಸ್ತಾರೆ. ಅದರ ಅಡ್ಡ ಪರಿಣಾಮ ತಡೆಯೋಕೆ ಮತ್ತೆ ಇದೇ ಅಟ್ರೋಪಿನ್. ಕಟ್ಟುಹಾವು ಕಚ್ಚಿದರೆ ಈ ಉಪಾಯ ಅಷ್ಟಾಗಿ ನಡೆಯಲ್ಲ, ಯಾಕಂದ್ರೆ ಅದರ ವಿಷ ತೂಬನ್ನೇ ಹಾಳು ಮಾಡುತ್ತೆ. ಅಂದ್ರೆ ಅಟ್ರೋಪಿನ್ ದಾಸ್ತಾನು ಎಣ್ಣಿಗೆ ಮಾತ್ರ ಅಲ್ಲ, ಹಾವಿಗೂ ಬೇಕು. ದನಗಳಿಗೂ ಬೇಕು: ಎಣ್ಣಿ ಹೊಡೆದ ಮೇವು ತಿಂದ, ಉಣ್ಣೆಗೆ ಹಚ್ಚಿದ ಔಷಧಿ ನೆಕ್ಕಿದ ಆಕಳಿಗೂ ಪಶುವೈದ್ಯರು ಕೊಡೋದು ಇದನ್ನೇ.

ಒಂದು ಎಚ್ಚರಿಕೆ. ನಮ್ಮ ಬೇಲಿಯ ಮದಗುಣಕಿ, ಅಂದರೆ ಉಮ್ಮತ್ತಿ ಗಿಡದಲ್ಲಿ ಅಟ್ರೋಪಿನ್ ಇದೆ, ನಿಜ. ಅದನ್ನು ಓದಿದ ಯಾರೋ "ಹಂಗಾರ ಅದರ ರಸ ಕುಡಿಸೋಣ" ಅಂದಾರು. ಖಂಡಿತ ಬೇಡ. ಯಾವ ಎಲೆಯಲ್ಲಿ, ಯಾವ ಬೀಜದಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಾಗಲ್ಲ. ಒಂದು ವಿಷದ ಮೇಲೆ ಇನ್ನೊಂದು ವಿಷ ಆಗುತ್ತೆ. ಆಸ್ಪತ್ರೆಯಲ್ಲೇ ಅಟ್ರೋಪಿನ್ ಹೆಚ್ಚಾದರೆ ರೋಗಿ ಹಾಸಿಗೆ ಕೆರೆಯುತ್ತಾನೆ, ಗಾಳಿಯಲ್ಲಿ ಏನೋ ಹಿಡಿಯಹೋಗುತ್ತಾನೆ, ಮೈ ಕಾಯುತ್ತೆ. "ಡಾಕ್ಟರ್ ಹುಚ್ಚು ಹಿಡಿಸಿದ್ರು" ಅಂತ ಗಲಾಟೆ ಮಾಡಬೇಡಿ, ನರ್ಸಿಗೆ ತಿಳಿಸಿ. ಪ್ರಮಾಣ ಕಡಿಮೆ ಮಾಡಿದರೆ ಇಳಿಯುತ್ತೆ.

ಕುಡಿದು ಬಂದವರ ಬಗ್ಗೆ ಒಂದು ಮಾತು

ಈ ಎಣ್ಣಿಯಿಂದ ಆಸ್ಪತ್ರೆ ಸೇರುವವರಲ್ಲಿ ಬೇಸರದಿಂದ ತಾವಾಗೇ ಕುಡಿದವರೂ ಇದ್ದಾರೆ. ಪೊಲೀಸ್ ಕೇಸಿಗೆ ಹೆದರಿ ಮನೆಯವರು ಬಾಟ್ಲಿ ಬಚ್ಚಿಡ್ತಾರೆ, "ಹೊಡೆಯುವಾಗ ಆಯ್ತು" ಅಂತ ಸುಳ್ಳು ಹೇಳ್ತಾರೆ. ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಕಾಣಬೇಕು ಅನ್ನುತ್ತೆ. ಡಾಕ್ಟರಿಗೆ ನಿಜ ಹೇಳಿ, ಬಾಟ್ಲಿ ಕೊಡಿ. ಮನೆಯಲ್ಲಿ ಎಣ್ಣಿ ಡಬ್ಬಿಗಳಿಗೆ ಬೀಗ ಹಾಕಿ, ಕೀಲಿ ಒಬ್ಬರ ಹತ್ತಿರ ಇರಲಿ. ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವ ಉಳೀತವೆ. ಮನಸ್ಸು ಭಾರ ಅನಿಸಿದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ್ದೇ ಟೆಲಿ ಮಾನಸ್ ಸಹಾಯವಾಣಿ.

ನನ್ನ ಅಭಿಪ್ರಾಯ, ನನ್ನ ಬೇಡಿಕೆ

"ಎಲ್ಲ ವಿಷ ನಿಲ್ಲಿಸಿ ಸಾವಯವ ಮಾಡ್ರಿ, ಈ ತಂಟೆಯೇ ಇಲ್ಲ" ಅಂತ ಕೆಲವರು ಹೇಳ್ತಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಸರ್ಕಾರವೂ ಒಂದೊಂದಾಗಿ ನಿಲ್ಲಿಸ್ತಾ ಬಂದಿದೆ. 2018ರ ಆದೇಶದಿಂದ ಫೋರೇಟ್, ಟ್ರಯಜೋಫಾಸ್, ಡೈಕ್ಲೋರ್ವಾಸ್‌ನಂಥವು 2020ರ ಕೊನೆಗೆ ಹೋದವು. ಅದು ಒಳ್ಳೆಯದೇ. ಆದರೆ ಈ ವಾರ, ಈ ಬೆಳೆಗೆ, ಯಾರೋ ಒಬ್ಬ ಬೆನ್ನಿಗೆ ಪಂಪು ಏರಿಸಿಕೊಂಡು ನಿಂತಿದ್ದಾನೆ. ಅವನಿಗೆ ಮುಂದಿನ ಹತ್ತು ವರ್ಷದ ಉತ್ತರ ಸಾಲದು. ವಿಷ ಮಾರುವ ಊರಿನಲ್ಲಿ ಅದರ ಮದ್ದೂ ಇರಬೇಕು, ಇಷ್ಟೇ ನನ್ನ ವಾದ.

ಆಸ್ಪತ್ರೆಗೆ: ಜೂನ್‌ನಿಂದ ಡಿಸೆಂಬರ್ ತನಕ ಸಿಂಪಡಣೆ ಪ್ರದೇಶದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕನಿಷ್ಠ ಒಬ್ಬ ರೋಗಿಯ ಮೊದಲ ಒಂದು ತಾಸಿಗೆ ಸಾಕಾಗುವಷ್ಟು ಅಟ್ರೋಪಿನ್ ಇರಲಿ. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಿ. "ಇದೆಯಾ" ಅಂತ ಕೇಳಬೇಡಿ, "ಎಷ್ಟಿದೆ" ಅಂತ ಕೇಳಿ.

ಅಂಗಡಿಯವರಿಗೆ: ಬಿಲ್ಲಿನ ಮೇಲೆ ವಿಷದ ನಿಜವಾದ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ. ನಾವೂ ಬಿಲ್ ಕೇಳಿ ಪಡೆಯೋಣ.

ಸರ್ಕಾರಕ್ಕೆ: ಕೂಲಿಗೆ ಎಣ್ಣಿ ಹೊಡೆಯೋರಿಗೆ ಸೀಸನ್ನಿಗೆ ಮುಂಚೆ ಒಂದು ಸಲ, ನಡುವೆ ಒಂದು ಸಲ ಕೋಲಿನೆಸ್ಟರೇಸ್ ರಕ್ತ ಪರೀಕ್ಷೆ ಮಾಡಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಿಂದಲೇ ಇಂಥ ನಿಯಮ ಇದೆ. ಕಿಣ್ವ ತೀರಾ ಇಳಿದವನನ್ನು ಅದು ಏರುವ ತನಕ ಸಿಂಪಡಣೆಯಿಂದ ದೂರ ಇಡ್ತಾರೆ. ನಮ್ಮ ಕೂಲಿಯವನ ರಕ್ತಕ್ಕೆ ಅಷ್ಟು ಬೆಲೆ ಇಲ್ಲವೇ?

ನಮಗೆ, ಅಂದರೆ ಹೊಲದ ಮಾಲೀಕರಿಗೆ:

1. ಎಣ್ಣಿಯನ್ನು ಬೇರೆ ಬಾಟ್ಲಿಗೆ ಸುರಿಯಬೇಡಿ. ಎಂದೆಂದಿಗೂ ಬೇಡ.
2. ಚೀಟಿ, ಲೇಬಲ್ಲಿನ ಫೋಟೋ ನಿಮ್ಮ ಫೋನಿನಲ್ಲೂ ಹೊಡೆಯುವವನ ಫೋನಿನಲ್ಲೂ ಇರಲಿ.
3. ಸೋರುವ ಪಂಪು ರಿಪೇರಿ ಆಗುವ ತನಕ ಕೆಲಸ ನಿಲ್ಲಲಿ. ನಾಝಲ್ಲನ್ನು ಬಾಯಿಂದ ಊದಬೇಡಿ. ಗಾಳಿಗೆ ಎದುರಾಗಿ ಹೊಡೆಯಬೇಡಿ.
4. ವಾಂತಿ, ಜೊಲ್ಲು, ಅತಿ ಬೆವರು, ಕಣ್ಣು ಮಂಜು, ಮಾಂಸ ಅದುರೋದು ಕಂಡರೆ ಬಿಸಿಲು ಅಂತ ಕೂರಬೇಡಿ. ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ ತೊಳೆದು, ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ತೊಳೆಯೋರು ಕೈಗೆ ಗ್ಲೌಸು ಹಾಕಿ.
5. ಉಪ್ಪುನೀರು, ಹುಣಸೆನೀರು, ಹಾಲು, ಮೊಟ್ಟೆ ಕುಡಿಸಿ ವಾಂತಿ ಮಾಡಿಸಬೇಡಿ. ಬಹಳಷ್ಟು ಎಣ್ಣಿಗಳಲ್ಲಿ ಸೀಮೆಎಣ್ಣೆಯಂಥ ದ್ರಾವಕ ಇರುತ್ತೆ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಂಟಕ.
6. ಬಾಟ್ಲಿ ಜೊತೆಗೇ ಒಯ್ಯಿರಿ.

ನಮ್ಮವನು ಈಗ ಎಣ್ಣಿ ಹೊಡೆಯಲ್ಲ. ಹೊಲಕ್ಕೆ ಬರ್ತಾನೆ, ನೀರು ಕಟ್ಟುತ್ತಾನೆ, ಎತ್ತು ನೋಡಿಕೊಳ್ತಾನೆ. ಭಾರ ಎತ್ತಿದರೆ ಬೇಗ ದಣೀತಾನೆ. ಹೋದ ತಿಂಗಳು ನನ್ನ ಮಗ ಅವಸರದಲ್ಲಿ ಕ್ಯಾನಿನಿಂದ ನೀರಿನ ಬಾಟ್ಲಿಗೆ ಏನೋ ಬಗ್ಗಿಸೋಕೆ ಹೋದಾಗ, ಕೈ ಹಿಡಿದು ನಿಲ್ಲಿಸಿದ್ದು ಅವನೇ. "ತಮ್ಮಾ, ಮೊದಲು ಅದರ ಮ್ಯಾಲ ಏನ್ ಬರದೈತಿ ಓದಿ ಹೇಳು" ಅಂದ. ಮಗ ಓದಿ ಹೇಳಿದ. ಕ್ಯಾನು ಕ್ಯಾನಾಗಿಯೇ ಹೊಲಕ್ಕೆ ಹೋಯ್ತು.

ನೀವೂ ಇವತ್ತು ಸಂಜೆ ಉಗ್ರಾಣಕ್ಕೆ ಹೋಗಿ ನಿಮ್ಮ ಡಬ್ಬಿಗಳ ಹೆಸರು ಓದಿ. ಓದೋಕೆ ಬರದಿದ್ದರೆ ಮಕ್ಕಳ ಕೈಲಿ ಓದಿಸಿ. ಹೆಸರೇ ಇಲ್ಲದ ಬಾಟ್ಲಿ ಸಿಕ್ಕರೆ ಅದನ್ನು ಹೊಲಕ್ಕೆ ಒಯ್ಯಬೇಡಿ. ನಾಳೆ ಆಸ್ಪತ್ರೆ ಕಡೆ ಹೋದಾಗ ಅಟ್ರೋಪಿನ್ ಎಷ್ಟಿದೆ ಅಂತ ಕೇಳಿ ಬನ್ನಿ.

ಮುಂದಿನ ವಾರ ಕಡಲೆಯ ಸಿಡಿ ರೋಗದ ಬಗ್ಗೆ ಬರೀತೀನಿ. ಅಲ್ಲೀತನಕ ಹುಷಾರಾಗಿರಿ.